ಮೇಲ್ಮನೆಗೆ ಮತ ಯಾರದು?

2019ರ ದೀಪಾವಳಿಗೆ ಇನ್ನೂ ವಾರವಿತ್ತು. ಧಾರವಾಡದಿಂದ ತಮ್ಮ ಫೋನ್ ಮಾಡಿದ್ದ. ಹಬ್ಬಕ್ಕೆ ಬರುತ್ತೀರೋ ಇಲ್ಲವೋ ಎಂದು ಕೇಳುವುದಕ್ಕಿರಬೇಕು ಎಂದುಕೊಂಡೆ. ಅದಲ್ಲ. "ಅಣ್ಣಾ, ಇಲ್ಲಿ ಪದವೀಧರರ ಕ್ಷೇತ್ರಕ್ಕ ಹೆಸರು ಹಚ್ಚಾಕ ಹತ್ಯಾರ. ನಿಂದೂ ಒಂದು ಅರ್ಜಿ ತುಂಬಿಬಿಡ್ಲೇನು? ನೀ ನಮ್ಮ ಕರ್ನಾಟಕ ಕಾಲೇಜಿನವನಽ ಅಲ್ಲೇನು?" ಎಂದ.

ಕಾಲೇಜಿನವನು ಹೌದು. ಅಲ್ಲಿಯೇ ಇತಿಹಾಸ ಓದಿ ಬಿ.ಎ. ಮುಗಿಸಿ, ನೌಕರಿಯ ಬೆನ್ನು ಹತ್ತಿ ಅಹಮದಾಬಾದಿಗೆ ಬಂದವನು ನಾನು. ಮೊದಲು ಮಣಿನಗರ, ಆಮೇಲೆ ಈ ಬೋಪಾಲ್. (ಊರಿನ ನೆಂಟರು ಇಂದಿಗೂ ಇದನ್ನು ಮಧ್ಯಪ್ರದೇಶದ ಭೋಪಾಲವೆಂದೇ ತಿಳಿದು, ಅಲ್ಲಿಯ ಕೆರೆ ಹೇಗಿದೆ ಎಂದು ಕೇಳುತ್ತಾರೆ. ತಿದ್ದಿ ತಿದ್ದಿ ಬೇಸತ್ತು ಈಗ "ಚೆನ್ನಾಗಿದೆ" ಎಂದುಬಿಡುತ್ತೇನೆ.) ತಮ್ಮನಿಗೆ "ತುಂಬು" ಎನ್ನುವ ಮೊದಲು ಸಂವಿಧಾನದ ಪುಸ್ತಕ ತೆಗೆದು 171ನೆಯ ವಿಧಿ ನೋಡಿದೆ. ಪದವೀಧರ ಮತದಾರನು ಆ ರಾಜ್ಯದಲ್ಲಿ ವಾಸಿಸುತ್ತಿರಬೇಕು. ಭಾರತದ ಯಾವುದೇ ವಿಶ್ವವಿದ್ಯಾಲಯದ ಪದವಿ ಪಡೆದು ಕನಿಷ್ಠ 3 ವರ್ಷವಾಗಿರಬೇಕು. ಪದವಿ ಎಲ್ಲಿಯದಾದರೂ ನಡೆಯುತ್ತದೆ, ವಾಸ ಮಾತ್ರ ಅಲ್ಲಿಯದೇ ಆಗಬೇಕು. ಧಾರವಾಡದ ಪದವಿ ಇಟ್ಟುಕೊಂಡು ಬೋಪಾಲಿನಲ್ಲಿ ಕುಳಿತವನಿಗೆ ಅಲ್ಲಿ ಮತವಿಲ್ಲ. ಸರಿ, ಇಲ್ಲಿ ಕೊಡಿ ಎಂದರೆ ಗುಜರಾತಿನಲ್ಲಿ ವಿಧಾನ ಪರಿಷತ್ತೇ ಇಲ್ಲ!

ಸಂಜೆ ನೆರೆಮನೆಯ ಗುಜರಾತಿ ಮಿತ್ರರಿಗೆ ಇದನ್ನು ಹೇಳಿದೆ. ಅವರು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತರಾದವರು. ಕರ್ನಾಟಕದಲ್ಲಿ ಹೈಸ್ಕೂಲು ಮಾಸ್ತರರಿಗೆಂದೇ ಬೇರೆ ಕ್ಷೇತ್ರಗಳಿವೆ, ಅವರೇ ತಮ್ಮ ಪ್ರತಿನಿಧಿಯನ್ನು ಆರಿಸಿ ಕಳಿಸುತ್ತಾರೆ ಎಂದಾಗ ಅವರು ನಂಬಲಿಲ್ಲ. "ಮಾಸ್ತರರಿಗೆ ಎರಡು ವೋಟೆ? ಹಾಗಾದರೆ ರೈತನಿಗೆ ಏಕೆ ಒಂದು?" ಎಂದರು. ನನ್ನ ಬಳಿ ಉತ್ತರವಿರಲಿಲ್ಲ. ಆ ಪ್ರಶ್ನೆಯ ಬೆನ್ನು ಹತ್ತಿ ಓದಿದ್ದನ್ನೇ ಇಲ್ಲಿ ನಮ್ಮ ಸಂಘದ ಓದುಗರ ಮುಂದೆ ಇಡುತ್ತಿದ್ದೇನೆ.

ಒಂದು ಮನೆ ಇರುವಾಗ ಅದರ ಮೇಲೆ ಇನ್ನೊಂದು ಮನೆ ಏತಕ್ಕೆ, ಅದಕ್ಕೆ ಯಾರನ್ನು ಯಾರು ಆರಿಸಬೇಕು ಎಂಬ ಚರ್ಚೆ ಜೋರಾಗಿ ನಡೆದದ್ದು ಅಮೆರಿಕೆಯಲ್ಲಿ. 1776ರಲ್ಲಿ ಇಂಗ್ಲೆಂಡಿನ ಹಂಗು ಹರಿದುಕೊಂಡ 13 ಸಂಸ್ಥಾನಗಳ ಮುಂದೆ ಒಂದು ತೊಡಕು ನಿಂತಿತ್ತು. ಇಂಗ್ಲೆಂಡಿನಲ್ಲಿ ಮೇಲ್ಮನೆ ಎಂದರೆ ಪ್ರಭುಗಳ ಮನೆ. ವಂಶಪಾರಂಪರ್ಯದ ಪ್ರಭುಗಳು ಅದರಲ್ಲಿ ಕೂಡುತ್ತಿದ್ದರು. ಅಮೆರಿಕೆಯಲ್ಲಿ ಪ್ರಭುಗಳೇ ಇರಲಿಲ್ಲ. ಪ್ರಭುಗಳಿಲ್ಲದ ನಾಡಿನಲ್ಲಿ ಪ್ರಭುಗಳ ಮನೆ ಕಟ್ಟುವುದು ಹೇಗೆ? ಒಂದೊಂದು ಸಂಸ್ಥಾನ ಒಂದೊಂದು ಉಪಾಯ ಹುಡುಕಿತು.

ನ್ಯೂಯಾರ್ಕ್ 1777ರಲ್ಲಿ ಆಸ್ತಿಯ ಗೆರೆ ಎಳೆಯಿತು. ಕೆಳಮನೆಗೆ ಮತ ಹಾಕಲು 20 ಪೌಂಡು ಬೆಲೆಯ ಭೂಮಿ ಸಾಕು, ಗೇಣಿದಾರನಿಗೂ ಅವಕಾಶವುಂಟು. ಸೆನೆಟ್ಟಿಗೆ ಮತ ಹಾಕಬೇಕಾದರೆ ಸಾಲ ಕಳೆದು 100 ಪೌಂಡು ಬೆಲೆಯ ಸ್ವಂತ ಭೂಮಿ ಬೇಕು. ಉತ್ತರ ಕೆರೋಲಿನದಲ್ಲಿ ತೆರಿಗೆ ಕಟ್ಟಿದವನಿಗೆ ಕೆಳಮನೆಯ ಮತ, 50 ಎಕರೆ ಇದ್ದವನಿಗೆ ಮಾತ್ರ ಸೆನೆಟ್ಟಿನ ಮತ. ಈ ಐವತ್ತು ಎಕರೆಯ ನಿಯಮ 1857ರವರೆಗೆ ಉಳಿಯಿತು ಎಂದರೆ ನಮ್ಮಲ್ಲಿ ಸಿಪಾಯಿ ದಂಗೆಯಾದ ವರ್ಷದವರೆಗೆ! ಪೆನ್ಸಿಲ್ವೇನಿಯ ಮಾತ್ರ ಮೇಲ್ಮನೆಯೇ ಬೇಡವೆಂದು 1776ರಿಂದ 1790ರವರೆಗೆ ಒಂದೇ ಮನೆಯಲ್ಲಿ ಸಂಸಾರ ನಡೆಸಿತು. ಬೆಂಜಮಿನ್ ಫ್ರಾಂಕ್ಲಿನ್ ಅದರ ಪಕ್ಷಪಾತಿ. ಎರಡು ಮನೆಗಳನ್ನು ಆತ ಎರಡು ತಲೆಯ ಹಾವಿಗೆ ಹೋಲಿಸಿ ಬರೆದಿದ್ದ. ಆ ಹಾವು ನೀರು ಕುಡಿಯಲು ಹೊರಟಾಗ ಬೇಲಿಯ ಕಡ್ಡಿಯೊಂದು ಅಡ್ಡ ಬಂತು. ಒಂದು ತಲೆ ಎಡಕ್ಕೆ ಹೋಗೋಣವೆಂದರೆ ಇನ್ನೊಂದು ಬಲಕ್ಕೆ ಹೋಗೋಣವೆಂದಿತು. ತೀರ್ಮಾನವಾಗುವ ಮೊದಲೇ ಹಾವು ಬಾಯಾರಿ ಸತ್ತಿತು.

ಎಲ್ಲಕ್ಕಿಂತ ವಿಚಿತ್ರ ಏರ್ಪಾಡು ಮೇರಿಲೆಂಡಿನದು. ಅಲ್ಲಿ ಜನ ಸೆನೆಟರನನ್ನು ನೇರವಾಗಿ ಆರಿಸುವಂತಿರಲಿಲ್ಲ. ಪ್ರತಿ ಜಿಲ್ಲೆಯಿಂದ ಇಬ್ಬರು, ಅನ್ನಾಪೊಲಿಸ್ ಮತ್ತು ಬಾಲ್ಟಿಮೋರ್ ಪಟ್ಟಣಗಳಿಂದ ಒಬ್ಬೊಬ್ಬರು "ಆರಿಸುವವರನ್ನು" ಮಾತ್ರ ಆರಿಸಬೇಕು. ಇವರು 5 ವರ್ಷಕ್ಕೊಮ್ಮೆ ಅನ್ನಾಪೊಲಿಸಿನಲ್ಲಿ ಸೇರಿ 15 ಸೆನೆಟರುಗಳನ್ನು ಗೊತ್ತು ಮಾಡಬೇಕು. ನಡುವೆ ಸ್ಥಾನ ತೆರವಾದರೆ ಸೆನೆಟ್ಟೇ ತನಗೆ ಬೇಕಾದವರನ್ನು ತುಂಬಿಕೊಳ್ಳುತ್ತಿತ್ತು. ಜನರ ಕೈಯಿಂದ ಎರಡು ಮೆಟ್ಟಿಲು ಮೇಲಿದ್ದರೆ ಗದ್ದಲ ತಲುಪುವುದಿಲ್ಲ, ಬುದ್ಧಿವಂತರೇ ಬರುತ್ತಾರೆ ಎಂಬುದು ಅದನ್ನು ಮಾಡಿದವರ ನಂಬಿಕೆ. ಆ ಕಾಲದಲ್ಲಿ ಇದನ್ನು ಹೊಗಳಿದವರೇ ಹೆಚ್ಚು.

ಅರವತ್ತು ವರ್ಷ ನಡೆಯಿತು. 1836ರ ಸೆಪ್ಟೆಂಬರಿನಲ್ಲಿ 40 ಮಂದಿ ಆರಿಸುವವರು ಆಯ್ಕೆಯಾದಾಗ 21 ಜನ ವಿಗ್ ಪಕ್ಷದವರು, 19 ಜನ ಎದುರು ಪಕ್ಷದವರು. ಆದರೆ ಈ 19 ಜನ ಬಂದದ್ದು ಹೆಚ್ಚು ಜನವಸತಿಯ ಭಾಗಗಳಿಂದ. ದೊಡ್ಡ ಜಿಲ್ಲೆಗೂ ಇಬ್ಬರು, ಸಣ್ಣ ಜಿಲ್ಲೆಗೂ ಇಬ್ಬರು ಎಂಬ ಲೆಕ್ಕದಿಂದ ಜನ ಕಡಮೆ ಇದ್ದ ಕಡೆಯವರೇ ಗೆದ್ದಂತಾಗಿತ್ತು. ಸಭೆ ಸೇರಲು 24 ಜನ ಬೇಕು. 19 ಜನ ಒಟ್ಟಾಗಿ, ಸಂವಿಧಾನ ತಿದ್ದುವ ಭರವಸೆ ಕೊಡುವವರೆಗೆ ಸಭೆಗೆ ಬರುವುದಿಲ್ಲ ಎಂದು ಕುಳಿತರು. ಇಪ್ಪತ್ತೊಂದು ಜನ ಎಷ್ಟು ದಿನ ಕುಳಿತರೂ ಇಪ್ಪತ್ತನಾಲ್ಕು ಆಗುವುದಿಲ್ಲವಲ್ಲ! ಸಂಸ್ಥಾನಕ್ಕೆ ಸೆನೆಟ್ಟೇ ಇಲ್ಲದಂತಾಗುವ ಭಯ ಹುಟ್ಟಿ, ಗವರ್ನರು ಹಳೆಯ ಸೆನೆಟ್ಟೇ ಮುಂದುವರಿಯುತ್ತದೆ ಎಂದು ಸಾರಿದರು. ಕೊನೆಗೆ ಹಟ ಹಿಡಿದವರಲ್ಲಿ ಕೆಲವರು ಮರಳಿ ಬಂದರು, ಸೆನೆಟರುಗಳ ಆಯ್ಕೆಯೂ ಆಯಿತು. ಆದರೆ ಊರಿನ ಮಾತು ಬದಲಾಗಿತ್ತು. ಮರುವರ್ಷವೇ, ಅದೇ ಶಾಸನಸಭೆ, ಸೆನೆಟರನ್ನು ಜನರೇ ನೇರವಾಗಿ ಆರಿಸಬೇಕೆಂದು ಸಂವಿಧಾನ ತಿದ್ದಿತು.

ಸಂಯುಕ್ತ ಸಂಸ್ಥಾನಗಳ ಕೇಂದ್ರ ಸೆನೆಟ್ಟಿಗೆ ಈ ಬುದ್ಧಿ ಬರಲು 1913 ಆಗಬೇಕಾಯಿತು. ಅಲ್ಲಿಯವರೆಗೆ ಆಯಾ ಸಂಸ್ಥಾನದ ಶಾಸಕರೇ ಸೆನೆಟರುಗಳನ್ನು ಆರಿಸುತ್ತಿದ್ದರು. ನಮ್ಮ ರಾಜ್ಯಸಭೆಗೆ ಇಂದಿಗೂ ಶಾಸಕರೇ ಆರಿಸುತ್ತಾರೆ.

ಅಮೆರಿಕೆಯವರ ಗೆರೆ ಆಸ್ತಿಯದು. ನಮ್ಮ ಕನ್ನಡ ನಾಡಿನಲ್ಲಿ ಎರಡು ಮನೆಗಳು ಹುಟ್ಟಿದ ಬಗೆಯೇ ಬೇರೆ. ಹಳೆಯ ಮೈಸೂರು ಸಂಸ್ಥಾನದಲ್ಲಿ ಮೊದಲು ಬಂದದ್ದು ದೊಡ್ಡ ಮನೆ. 1881ರಲ್ಲಿ ಬ್ರಿಟಿಷರು ರಾಜ್ಯವನ್ನು ಚಾಮರಾಜೇಂದ್ರ ಒಡೆಯರಿಗೆ ಹಿಂದಿರುಗಿಸಿದಾಗ ದಿವಾನರಾದ ಸಿ. ರಂಗಾಚಾರ್ಲು ಅವರು ಅದೇ ವರ್ಷ ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದರು. ಅಕ್ಟೋಬರ್ 7ರಂದು, ದಸರೆಯ ಸಂಭ್ರಮದ ಹೊತ್ತಿಗೆ, ಮೈಸೂರಿನಲ್ಲಿ 144 ಪ್ರತಿನಿಧಿಗಳು ಸೇರಿದರು. ರೈತರು, ವರ್ತಕರು, ತಾಲ್ಲೂಕಿನ ಹಿರಿಯರು. ಚುನಾವಣೆಯಿಂದ ಬಂದವರಲ್ಲ, ಆರಿಸಿ ಕರೆಸಿದವರು. ದಿವಾನರು ವರ್ಷದ ಲೆಕ್ಕ ಓದುವರು, ಇವರು ಕೇಳಿ ತಮ್ಮ ಕಷ್ಟ ಹೇಳುವರು. ಕೆರೆಯ ಏರಿ ಒಡೆದದ್ದು, ಅಮಲ್ದಾರ ಕಿರುಕುಳ ಕೊಟ್ಟದ್ದು ಎಲ್ಲವನ್ನೂ ಅಲ್ಲಿ ಹೇಳಬಹುದಿತ್ತು. ಕಾಯಿದೆ ಮಾಡುವ ಅಧಿಕಾರ ಮಾತ್ರ ಇರಲಿಲ್ಲ. ರಂಗಾಚಾರ್ಲು ಅವರು 1883ರ ಆರಂಭದಲ್ಲಿಯೇ ತೀರಿಕೊಂಡರು. 1891ರಿಂದ ಸಭೆಗೆ ಚುನಾವಣೆ ಬಂತು.

ಚಿಕ್ಕ ಮನೆ ಕಟ್ಟಿದವರು ದಿವಾನ್ ವಿ.ಪಿ. ಮಾಧವರಾವ್. 1907ರಲ್ಲಿ ಅವರು ಸ್ಥಾಪಿಸಿದ್ದು ನ್ಯಾಯವಿಧಾಯಕ ಸಭೆ. ಕಾಯಿದೆಗಳನ್ನು ಮಾಡುವಾಗ ತಿಳಿದವರ ಸಲಹೆ ಇರಲಿ ಎಂಬ ಉದ್ದೇಶ. ದಿವಾನರೇ ಅಧ್ಯಕ್ಷರು, ಸರ್ಕಾರವೇ ನೇಮಿಸಿದ ಸದಸ್ಯರು. ಬರೋಡೆಯ ನಮ್ಮ ಬಂಧುಗಳಿಗೆ ಒಂದು ವಿಷಯ ಇಲ್ಲಿ ಹೇಳಲೇಬೇಕು. ಈ ಮಾಧವರಾಯರು ಮೈಸೂರು ಬಿಟ್ಟ ಮೇಲೆ ಗಾಯಕವಾಡರ ಬರೋಡೆಗೂ ದಿವಾನರಾಗಿ ಬಂದವರು. ಬರೋಡೆಯಲ್ಲಿಯೂ ಅದೇ ದಶಕದಲ್ಲಿ ಸಯಾಜಿರಾವ್ ಮಹಾರಾಜರು ಧಾರಾಸಭೆಯನ್ನು ಆರಂಭಿಸಿದ್ದರು. ಕರ್ನಾಟಕದ ವಿಧಾನ ಪರಿಷತ್ತಿನ ಪೂರ್ವಜನಿಗೆ ತೊಟ್ಟಿಲು ಕಟ್ಟಿದ ಕೈ ಇದೇ ವಡೋದರೆಯಲ್ಲಿಯೂ ರುಜು ಹಾಕಿತ್ತು ಎಂಬುದು ನನಗೆ ಸಣ್ಣ ಸಂತೋಷದ ಸಂಗತಿ.

ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ನ್ಯಾಯವಿಧಾಯಕ ಸಭೆಗೆ ಪ್ರಜಾಪ್ರತಿನಿಧಿ ಸಭೆಯಿಂದ ಆರಿಸಿ ಬಂದವರು ಸೇರಿದರು, ಪ್ರಶ್ನೆ ಕೇಳುವ ಹಕ್ಕೂ ಬಂತು. ನಿಜವಾದ ತಿರುವು 1923ರದು. ಮೈಸೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಬಂಗಾಲದ ತತ್ತ್ವಜ್ಞಾನಿ ಬ್ರಜೇಂದ್ರನಾಥ ಸೀಲ್ ಅವರ ಅಧ್ಯಕ್ಷತೆಯ ಸಮಿತಿ ಕೊಟ್ಟ ವರದಿಯ ಮೇಲೆ ಎರಡೂ ಸಭೆಗಳು ಕಾಯಿದೆಯ ಬುನಾದಿ ಪಡೆದವು. ಪ್ರಜಾಪ್ರತಿನಿಧಿ ಸಭೆಗೆ 250 ಸದಸ್ಯರು, ನ್ಯಾಯವಿಧಾಯಕ ಸಭೆಗೆ 50. ಈ ಐವತ್ತರಲ್ಲಿ 22 ಜನ ಮಾತ್ರ ಚುನಾಯಿತರು. ಪ್ರಜಾಪ್ರತಿನಿಧಿ ಸಭೆಗೆ ಮತ ಹಾಕಲು ಹೆಂಗಸರಿಗಿದ್ದ ಅಡ್ಡಿಯೂ ಆಗಲೇ ತೊಲಗಿತು.

ಓದುಗರು ಒಂದು ವೈಚಿತ್ರ್ಯ ಗಮನಿಸಬೇಕು. ಲೋಕದ ಬೇರೆ ಕಡೆ ಕೆಳಮನೆ ಗಂಡ, ಮೇಲ್ಮನೆ ಬುದ್ಧಿ ಹೇಳುವ ಮಾವ. ಮೈಸೂರಿನಲ್ಲಿ ತಿರುಗುಮುರುಗು. ಕಾಯಿದೆ ಮಾಡುವುದು, ಖರ್ಚಿನ ಬಾಬುಗಳಿಗೆ ಮತ ಕೊಡುವುದು 50 ಜನರ ಸಣ್ಣ ಸಭೆ. ಹೊಸ ತೆರಿಗೆ ಹಾಕುವ ಮೊದಲು, ಮಸೂದೆಯನ್ನು ಆ ಸಣ್ಣ ಸಭೆಗೆ ತರುವ ಮೊದಲು, ಅದರ ತತ್ತ್ವ ಸರಿಯೇ ಎಂದು ಕೇಳಬೇಕಾದದ್ದು 250 ಜನರ ದೊಡ್ಡ ಸಭೆಯನ್ನು. ಅಂದರೆ ದೊಡ್ಡವರ ಸಭೆ ಸಲಹೆಗೆ, ಸಣ್ಣ ಸಭೆ ಅಧಿಕಾರಕ್ಕೆ. ಸೀಲರು ಇದನ್ನು ತಪ್ಪೆಂದು ತಿಳಿಯಲಿಲ್ಲ. ಪ್ರಜೆಗಳ ಇಂಗಿತ ತಿಳಿಯುವ ಸಭೆ ಬೇರೆ, ಕಾಯಿದೆ ಹೆಣೆಯುವ ಸಭೆ ಬೇರೆ ಎಂದು ತಿಳಿದಿದ್ದರು. ನ್ಯಾಯವಿಧಾಯಕ ಸಭೆಯಲ್ಲಿ ಡಿ.ವಿ. ಗುಂಡಪ್ಪನವರಂಥವರು ಕುಳಿತು ಮಾತಾಡಿದರು ಎನ್ನುವಾಗ ಆ ಐವತ್ತರ ಸಭೆಯ ಮೇಲೆ ಗೌರವ ಹುಟ್ಟುತ್ತದೆ. ಆದರೆ ಮತವಿದ್ದವರು ಎಷ್ಟು ಜನ? ಕಂದಾಯ, ತೆರಿಗೆ, ಓದು ಇವುಗಳ ಜರಡಿ ಹಿಡಿದ ಮೇಲೆ ಉಳಿದವರು. ಒಕ್ಕಲುತನದ ಕೂಲಿಗೆ, ಕೋಲಾರದ ಚಿನ್ನದ ಗಣಿಗೆ ಇಳಿಯುವವನಿಗೆ ಆ ಸಭೆ ಅರಮನೆಯ ಅಟ್ಟದಷ್ಟೇ ದೂರ. 1940ರ ಸುಧಾರಣೆಯಲ್ಲಿ ದೊಡ್ಡ ಸಭೆ 310ಕ್ಕೂ ಸಣ್ಣ ಸಭೆ 68ಕ್ಕೂ ಬೆಳೆದವು, ಚುನಾಯಿತರ ಕೈ ಮೇಲಾಯಿತು. ಸ್ವಾತಂತ್ರ್ಯದ ನಂತರ, 1949ರ ಡಿಸೆಂಬರಿನಲ್ಲಿ ಎರಡೂ ಮುಗಿದವು.

ಇದು ಮೈಸೂರಿನವರ ಕತೆ. ನಮ್ಮ ಸಂಘದಲ್ಲಿ ಅರ್ಧಕ್ಕರ್ಧ ಜನ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರದ ಕಡೆಯವರು. ನಮ್ಮ ಹಿರಿಯರಿಗೆ ಮೈಸೂರಿನ ದಸರೆ ಸಭೆ ಪರರಾಜ್ಯದ ಸುದ್ದಿ. ಅವರ ರಾಜಧಾನಿ ಮುಂಬಯಿ. ಮತ್ತು ಈ ಅಹಮದಾಬಾದಿನ, ಸೂರತ್ತಿನ ಜನಕ್ಕೂ ಅದೇ ರಾಜಧಾನಿ. ಬರೋಡೆ ಮಾತ್ರ ಗಾಯಕವಾಡರದು.

1935ರ ಭಾರತ ಸರ್ಕಾರ ಕಾಯಿದೆ ಆರು ಪ್ರಾಂತಗಳಿಗೆ ಎರಡು ಮನೆ ಕೊಟ್ಟಿತು: ಮುಂಬಯಿ, ಮದರಾಸು, ಬಂಗಾಲ, ಸಂಯುಕ್ತ ಪ್ರಾಂತ, ಬಿಹಾರ, ಅಸ್ಸಾಮು. 1937ರ ಚುನಾವಣೆಯ ನಂತರ ಮುಂಬಯಿಯ ಕೆಳಮನೆಗೆ ಸ್ಪೀಕರರಾದವರು ನಮ್ಮ ಅಹಮದಾಬಾದಿನ ವಕೀಲರು ಗಣೇಶ ವಾಸುದೇವ ಮಾವಳಂಕರ; ಬರೋಡೆಯಲ್ಲಿ ಹುಟ್ಟಿ ಅಹಮದಾಬಾದಿನಲ್ಲಿ ಬೆಳೆದ ಮರಾಠಿ ಮನೆಮಾತಿನವರು. ಮುಂದೆ ಲೋಕಸಭೆಯ ಮೊದಲ ಸ್ಪೀಕರರೂ ಅವರೇ. ಊರಿಗೆ ಹೊರಗಿನ ಭಾಷೆಯ ಮನೆಯವರಾಗಿದ್ದುಕೊಂಡೇ ಊರಿನವರಾದರು. ಪರಿಷತ್ತಿನ ಅಧ್ಯಕ್ಷತೆ ಮಂಗಳದಾಸ ಪಕ್ವಾಸಾ ಅವರದು. ಧಾರವಾಡದ ಪ್ರತಿನಿಧಿಯೂ ಅಹಮದಾಬಾದಿನ ಪ್ರತಿನಿಧಿಯೂ ಒಂದೇ ಸೂರಿನಡಿ ಕೂಡುತ್ತಿದ್ದ ಕಾಲವದು.

ಆದರೆ ಆ ಮೇಲ್ಮನೆಯ ಬಾಗಿಲು ಬಹಳ ಚಿಕ್ಕದು. ಒಟ್ಟು ಸ್ಥಾನ ಸುಮಾರು 30. ಮತವಿದ್ದದ್ದು ಹೆಚ್ಚು ಕಂದಾಯ ಕಟ್ಟುವ ಜಮೀನುದಾರರಿಗೆ, ಆದಾಯ ತೆರಿಗೆಯ ಶ್ರೀಮಂತರಿಗೆ, ಸರ್ಕಾರದ ಬಿರುದು ಬಾವಲಿ ಪಡೆದವರಿಗೆ, ದೊಡ್ಡ ಹುದ್ದೆಯಲ್ಲಿದ್ದವರಿಗೆ. ನ್ಯೂಯಾರ್ಕಿನ ನೂರು ಪೌಂಡು ನೂರರವತ್ತು ವರ್ಷದ ಮೇಲೆ ಮುಂಬಯಿ ಬಂದರಿನಲ್ಲಿ ಇಳಿದಂತೆ! ಅಮೆರಿಕೆಯವರು ಅದನ್ನು ಬಿಸುಟಾಗಿತ್ತು. ಬ್ರಿಟಿಷರು ನಮಗೆ ತಂದುಕೊಟ್ಟರು.

ಸಂವಿಧಾನ ಬರೆಯುವಾಗ ಪ್ರಶ್ನೆ ಮತ್ತೆ ಎದ್ದಿತು. ಮೇಲ್ಮನೆ ಬೇಕೆ ಬೇಡವೆ ಎಂದು ಆಯಾ ಪ್ರಾಂತದ ಪ್ರತಿನಿಧಿಗಳೇ ಹೇಳಲಿ ಎಂದು ಬಿಟ್ಟರು. ಮುಂಬಯಿ, ಮದರಾಸು, ಬಂಗಾಲ, ಸಂಯುಕ್ತ ಪ್ರಾಂತ, ಬಿಹಾರ, ಪಂಜಾಬಿನವರು ಬೇಕೆಂದರು. ಮಧ್ಯಪ್ರಾಂತ, ಒರಿಸ್ಸಾ, ಅಸ್ಸಾಮಿನವರು ಬೇಡವೆಂದರು. ಅಸ್ಸಾಮಿಗೆ ಆಗಲೇ ಒಂದಿತ್ತು, ಅನುಭವಿಸಿದವರು ಬೇಡವೆಂದದ್ದು ಗಮನಿಸತಕ್ಕದ್ದು. ಸಂಸ್ಥಾನಗಳ ಪೈಕಿ ಮೇಲ್ಮನೆ ಇಟ್ಟುಕೊಂಡದ್ದು ಮೈಸೂರು ಒಂದೇ. 1952ರಲ್ಲಿ 40 ಸದಸ್ಯರ ಮೈಸೂರು ವಿಧಾನ ಪರಿಷತ್ತು ಕೂಡಿದಾಗ ಕೆ.ಟಿ. ಭಾಷ್ಯಂ ಅದರ ಸಭಾಪತಿಗಳಾದರು.

ಆಗ ಎಲ್ಲ ವಯಸ್ಕರಿಗೂ ವಿಧಾನಸಭೆಯ ಮತ ಬಂದಿತ್ತು. ಆಸ್ತಿಯ ಗೆರೆ ಎಳೆಯುವಂತಿರಲಿಲ್ಲ. ಹಾಗಾದರೆ ಮೇಲ್ಮನೆಯನ್ನು ಬೇರೆ ಮಾಡುವುದು ಯಾವುದರಿಂದ? ಸಂವಿಧಾನದವರು ಪಂಚಕಜ್ಜಾಯದಂಥ ಒಂದು ಮಿಶ್ರಣ ಮಾಡಿದರು. ಮೂರರಲ್ಲಿ ಒಂದು ಪಾಲು ಸ್ಥಳೀಯ ಸಂಸ್ಥೆಗಳವರಿಂದ, ಇನ್ನೊಂದು ಮೂರನೆಯ ಪಾಲು ಶಾಸಕರಿಂದ, ಹನ್ನೆರಡರಲ್ಲಿ ಒಂದು ಪದವೀಧರರಿಂದ, ಹನ್ನೆರಡರಲ್ಲಿ ಒಂದು ಶಿಕ್ಷಕರಿಂದ; ಉಳಿದವರನ್ನು ಸಾಹಿತ್ಯ, ವಿಜ್ಞಾನ, ಕಲೆ, ಸಹಕಾರ, ಸಮಾಜಸೇವೆಗಳಿಂದ ರಾಜ್ಯಪಾಲರು ನಾಮಕರಣ ಮಾಡುವುದು. ಅಂದರೆ ನೂರು ಪೌಂಡಿನ ಜಾಗದಲ್ಲಿ ಪದವಿಯ ಕಾಗದ ಬಂದು ಕುಳಿತಿತು. ಅದು ಅಂದಿಗೆ ಅಷ್ಟು ಅನ್ಯಾಯವಾಗಿ ಕಂಡಿರಲಾರದು. ನಮ್ಮ ಓಣಿಯಲ್ಲಿ ಬಿ.ಎ. ಆದವರನ್ನು ಬೆರಳೆಣಿಸಿ ಹೇಳಬಹುದಾಗಿತ್ತು. ಅವರ ಮನೆಗೆ ಊರವರೆಲ್ಲ ಅರ್ಜಿ ಬರೆಯಿಸಲು ಹೋಗುತ್ತಿದ್ದರು.

ಇನ್ನು 1956ರ ನವೆಂಬರ್ 1. ಏಕೀಕರಣವಾದ ದಿನ ಕನ್ನಡಿಗರ ಕೈಯಲ್ಲಿದ್ದ ಮತಗಳನ್ನು ಎಣಿಸಿ ನೋಡಿದರೆ ಬೆರಗಾಗುತ್ತದೆ. ಹಳೆಯ ಮೈಸೂರಿನವರಿಗೆ ಮೇಲ್ಮನೆ ಇತ್ತು. ಮುಂಬಯಿ ಕಡೆಯಿಂದ ಬಂದ ನಮಗೂ, ಮದರಾಸಿನಿಂದ ಬಂದ ದಕ್ಷಿಣ ಕನ್ನಡದವರಿಗೂ ಇತ್ತು. ನಿಜಾಮರ ಹೈದರಾಬಾದಿನಿಂದ ಬಂದ ಗುಲಬರ್ಗಾ, ರಾಯಚೂರು, ಬೀದರದವರಿಗೆ ಇರಲಿಲ್ಲ, ಕೊಡಗಿನವರಿಗೂ ಇರಲಿಲ್ಲ. ಅವರಿಗೆ ಹೊಸದಾಗಿ ಬಂತು. ಅದೇ ದಿನ ಕಾಸರಗೋಡಿನ ಕನ್ನಡಿಗರು ಮದರಾಸಿನಿಂದ ಕೇರಳಕ್ಕೆ ಸೇರಿ ಇದ್ದದ್ದನ್ನು ಕಳೆದುಕೊಂಡರು. ಕೇರಳದಲ್ಲಿ ಪರಿಷತ್ತಿಲ್ಲ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕನ್ನಡಿಗರು ಅಲ್ಲಿಯೇ ಉಳಿದರು, ಅವರ ಮತವೂ ಉಳಿಯಿತು. ಅವರವರ ಮನೆ ಅಲುಗಲಿಲ್ಲ, ಗಡಿ ಮಾತ್ರ ಸರಿಯಿತು. ಮರುವರ್ಷ ಮೈಸೂರಿನ ಪರಿಷತ್ತು 63 ಸ್ಥಾನಗಳಿಗೆ ಬೆಳೆಯಿತು. ಕರ್ನಾಟಕವೆಂದು ಹೆಸರಾದ ಮೇಲೆ 1987ರಲ್ಲಿ ಇಂದಿನ 75 ಆಯಿತು.

ಗುಜರಾತಿನ ಸರದಿ 1960ರ ಮೇ 1ರಂದು ಬಂತು. ಅದಕ್ಕೆ ನಾಲ್ಕು ವರ್ಷ ಮುಂಚೆ ಸೌರಾಷ್ಟ್ರ, ಕಚ್ಛಗಳು ದೊಡ್ಡ ಮುಂಬಯಿ ರಾಜ್ಯಕ್ಕೆ ಸೇರಿದ್ದವು. ತಮಗೆ ಎಂದೂ ಇಲ್ಲದಿದ್ದ ಮೇಲ್ಮನೆ ಅವರಿಗೆ ಸಿಕ್ಕಿತ್ತು. ಮುಂಬಯಿ ರಾಜ್ಯ ಎರಡಾದಾಗ ಪಾಲು ಹಂಚಿಕೆಯಲ್ಲಿ ಪರಿಷತ್ತು ಪೂರ್ತಿಯಾಗಿ ಮಹಾರಾಷ್ಟ್ರದ ಪಾಲಿಗೆ ಹೋಯಿತು. 132 ಶಾಸಕರ ಒಂದೇ ಮನೆಯಿಂದ ಗುಜರಾತು ಸಂಸಾರ ಹೂಡಿತು, ಡಾ. ಜೀವರಾಜ ಮೆಹತಾ ಮೊದಲ ಮುಖ್ಯಮಂತ್ರಿಗಳು. ಹೀಗೆ ಅಹಮದಾಬಾದಿನ ಪದವೀಧರರು, ಮಾಸ್ತರರು ತಮ್ಮ ಮತವನ್ನು ಕಳೆದುಕೊಂಡರು. ನನ್ನ ನೆರೆಮನೆಯ ಮಿತ್ರರಿಗೆ ಇದು ಗೊತ್ತಿರಲಿಲ್ಲ. ಆಗ ಅವರು ಶಾಲೆಯ ಹುಡುಗ. ಗುಜರಾತು ಬಯಸಿದರೆ ಈಗಲೂ ಪರಿಷತ್ತು ಪಡೆಯಬಹುದು: ವಿಧಾನಸಭೆ ವಿಶೇಷ ಬಹುಮತದಿಂದ ಠರಾವು ಮಾಡಬೇಕು, ಪಾರ್ಲಿಮೆಂಟು ಕಾಯಿದೆ ಮಾಡಬೇಕು. ಅರವತ್ತು ವರ್ಷ ಮೀರಿದರೂ ಇಲ್ಲಿ ಅಂಥದು ಆಗಿಲ್ಲ. ಇಂದು ಪರಿಷತ್ತು ಇರುವುದು ಆರೇ ರಾಜ್ಯಗಳಲ್ಲಿ: ಕರ್ನಾಟಕ, ಮಹಾರಾಷ್ಟ್ರ, ಆಂಧ್ರ, ತೆಲಂಗಾಣ, ಉತ್ತರ ಪ್ರದೇಶ, ಬಿಹಾರ. ಬಂಗಾಲ 1969ರಲ್ಲಿ, ಪಂಜಾಬು 1970ರಲ್ಲಿ, ತಮಿಳುನಾಡು 1986ರಲ್ಲಿ ಬಿಟ್ಟುಕೊಟ್ಟವು. ಆಂಧ್ರ 1985ರಲ್ಲಿ ಬಿಟ್ಟು 2007ರಲ್ಲಿ ಮತ್ತೆ ತಂದುಕೊಂಡಿತು.

ಕರ್ನಾಟಕದ 75ರಲ್ಲಿ 25 ಸ್ಥಳೀಯ ಸಂಸ್ಥೆಗಳಿಂದ, 25 ವಿಧಾನಸಭೆಯಿಂದ, 7 ಪದವೀಧರರಿಂದ, 7 ಶಿಕ್ಷಕರಿಂದ, 11 ನಾಮಕರಣ. ಮತ ಹಾಕುವ ರೀತಿಯೇ ಬೇರೆ. ಮುದ್ರೆ ಒತ್ತುವುದಿಲ್ಲ, ಗುಂಡಿ ಅದುಮುವುದಿಲ್ಲ. ಹೆಸರುಗಳ ಮುಂದೆ 1, 2, 3 ಎಂದು ಅಂಕಿ ಬರೆಯಬೇಕು. ಮೊದಲ ಸುತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಯಾರಿಗೂ ಬರದಿದ್ದರೆ, ಎಲ್ಲರಿಗಿಂತ ಕಡಮೆ ಬಂದವನನ್ನು ಕೈಬಿಟ್ಟು ಅವನ ಕಾಗದಗಳಲ್ಲಿ 2 ಎಂದು ಯಾರಿಗಿದೆಯೋ ಅವರಿಗೆ ಹಂಚುತ್ತಾರೆ. ಶಾಸಕರಿಂದ ಆರಿಸುವಾಗ ಸ್ಥಾನ ಹಲವು. ಲೆಕ್ಕ ಇನ್ನೂ ಸೂಕ್ಷ್ಮ. 224 ಶಾಸಕರಿಂದ 7 ಸ್ಥಾನ ತುಂಬಬೇಕಾದರೆ 224ನ್ನು 8ರಿಂದ ಭಾಗಿಸಿ ಬಂದ 28ನ್ನು ದಾಟಿದವನು ಗೆದ್ದಂತೆ. ನನಗೆ ಈ ಪದ್ಧತಿ ಇಷ್ಟ. ಅಲ್ಪಸಂಖ್ಯೆಯ ಪಕ್ಷಕ್ಕೂ ತನ್ನ ಪಾಲು ಸಿಗುತ್ತದೆ, ಮತ ಪೋಲಾಗುವುದಿಲ್ಲ.

ಪರಿಷತ್ತಿನ ಗುಣ ದೋಷ ಎರಡನ್ನೂ ಹೇಳಬೇಕು. ಕವಿ ಸಿದ್ಧಲಿಂಗಯ್ಯನವರು, ಚಂದ್ರಶೇಖರ ಕಂಬಾರರು ಅಲ್ಲಿ ಕುಳಿತವರು. ಸಾಮಾನ್ಯ ಚುನಾವಣೆಯ ಧೂಳಿನಲ್ಲಿ ಅವರು ಗೆದ್ದು ಬರುತ್ತಿದ್ದರೇ ಎಂಬುದು ಸಂದೇಹ. ನಮ್ಮ ಧಾರವಾಡ ಕಡೆಯ ಪಶ್ಚಿಮ ಶಿಕ್ಷಕರ ಕ್ಷೇತ್ರದಿಂದ ಬಸವರಾಜ ಹೊರಟ್ಟಿಯವರು 1980ರಿಂದ ಹಿಡಿದು 2022ರವರೆಗೆ 8 ಬಾರಿ ಆರಿಸಿ ಬಂದರು. ಶಿಕ್ಷಕರಾಗಿದ್ದವರು ಸಭಾಪತಿಗಳೂ ಆದರು. ಇನ್ನೊಂದು ಕಡೆ, ವಿಧಾನಸಭೆಯಲ್ಲಿ ಸೋತವರಿಗೆ ಹಿತ್ತಲ ಬಾಗಿಲು ಎಂಬ ಮಾತು ಸುಳ್ಳಲ್ಲ. ಪದವೀಧರರ ಕ್ಷೇತ್ರದಿಂದ ನಿಲ್ಲುವವನು ಪದವೀಧರನೇ ಆಗಿರಬೇಕಿಲ್ಲ ಎಂದು ಸುಪ್ರೀಂ ಕೋರ್ಟು 1972ರಲ್ಲಿಯೇ ತೀರ್ಪು ಕೊಟ್ಟಿದೆ. ಮತ ಹಾಕುವವನಿಗೆ ಪದವಿ ಬೇಕು, ಹಾಕಿಸಿಕೊಳ್ಳುವವನಿಗೆ ಬೇಡ! ಅಧಿಕಾರವಾದರೂ ಎಷ್ಟು? ಹಣಕಾಸಿನ ಮಸೂದೆಯನ್ನು 14 ದಿನ, ಬೇರೆ ಮಸೂದೆಯನ್ನು ಎರಡು ಸರದಿಯಲ್ಲಿ ಕೂಡಿ ಸುಮಾರು 4 ತಿಂಗಳು ತಡೆಯಬಹುದು, ಅಷ್ಟೇ. ಫ್ರಾಂಕ್ಲಿನನ ಹಾವು ನಮ್ಮಲ್ಲಿ ಬಾಯಾರಿ ಸಾಯುವುದಿಲ್ಲ. ಒಂದು ತಲೆ ಸ್ವಲ್ಪ ಗೊಣಗಿ ಇನ್ನೊಂದರ ಹಿಂದೆ ಹೋಗುತ್ತದೆ.

ಮಾಸ್ತರರಿಗೆ ಎರಡು ವೋಟಾದರೆ ರೈತನಿಗೆ ಏಕೆ ಒಂದು ಎಂಬ ಪ್ರಶ್ನೆಗೆ ಇಷ್ಟೆಲ್ಲ ಓದಿದ ಮೇಲೂ ನಾನು ಒಪ್ಪುವಂಥ ಉತ್ತರ ಸಿಗಲಿಲ್ಲ. ಮೇಲ್ಮನೆ ಇರಲಿ, ಅವಸರದ ಕೆಲಸಕ್ಕೆ ಎರಡನೆಯ ಕಣ್ಣು ಒಳ್ಳೆಯದು. ಆದರೆ ಓದಿದವನ ಕೈಗೆ ಇನ್ನೊಂದು ಮತ ಕೊಡುವುದು, ಐವತ್ತು ಎಕರೆಯವನಿಗೆ ಕೊಟ್ಟದ್ದಕ್ಕಿಂತ ಎಷ್ಟು ಬೇರೆ? ಮೇರಿಲೆಂಡಿನ ಹತ್ತೊಂಬತ್ತು ಜನ ಕೇಳಿದ್ದೂ ಬೇರೆ ಮಾತಿನಲ್ಲಿ ಇದನ್ನೇ. ಹೀಗೆ ಹೇಳುವಾಗ ನನಗೆ ಸಿಗದ ದ್ರಾಕ್ಷಿಯನ್ನು ಹುಳಿ ಎನ್ನುತ್ತಿದ್ದೇನೆಯೇ ಎಂಬ ಅನುಮಾನವೂ ಉಂಟು. ಮುಂಬಯಿಯ ನಮ್ಮ ಕನ್ನಡಿಗರು ಅಲ್ಲಿಯ ಪದವೀಧರರ ಕ್ಷೇತ್ರದಲ್ಲಿ ಮತ ಹಾಕಿದ ಸುದ್ದಿ ಕೇಳಿದಾಗ ಹೊಟ್ಟೆಯಲ್ಲಿ ಸಣ್ಣದಾಗಿ ಉರಿದದ್ದು ಸುಳ್ಳಲ್ಲ.

ತಮ್ಮನಿಗೆ ಫೋನ್ ಮಾಡಿ ಹೇಳಿದೆ: ನನ್ನ ಅರ್ಜಿ ಬೇಡ, ನಿನ್ನ ಮಗಳಿಗೆ ತುಂಬಿಸುವಾಗ ಹುಬ್ಬಳ್ಳಿಯ ನನ್ನ ಮಗಳಿಗೂ ಒಂದು ತುಂಬಿಸು. ಅವಳು ಹುಟ್ಟಿ ಬೆಳೆದದ್ದು ಇಲ್ಲಿ. ಗುಜರಾತ್ ವಿಶ್ವವಿದ್ಯಾಲಯದ ಬಿ.ಕಾಂ.; ಮದುವೆಯಾಗಿ ಹುಬ್ಬಳ್ಳಿಗೆ ಹೋಗಿ ಆಗ ಐದು ವರ್ಷವಾಗಿತ್ತು. 18ನೆಯ ನಮೂನೆ, ಪದವಿಯ ಪ್ರತಿ, ವಾಸದ ದಾಖಲೆ. ಪ್ರತಿ ಚುನಾವಣೆಗೂ ಈ ಪಟ್ಟಿಯನ್ನು ಹೊಸದಾಗಿ ಮಾಡುತ್ತಾರೆ, ಹಿಂದೆ ಇದ್ದ ಹೆಸರು ತಾನಾಗಿ ಬರುವುದಿಲ್ಲ. ಕರ್ನಾಟಕಕ್ಕೆ ಹೋಗಿ ನೆಲೆಸಿದ ನಮ್ಮ ಮಕ್ಕಳಿಗೆ ಓದುಗರು ಇದನ್ನು ತಿಳಿಸಬೇಕು. ಇಲ್ಲಿಯ ಪದವಿ ಅಲ್ಲಿ ನಡೆಯುತ್ತದೆ.

ಕೊರೋನಾದಿಂದ ಮುಂದಕ್ಕೆ ಹೋಗಿ, 2020ರ ಅಕ್ಟೋಬರ್ 28ರಂದು ಮತದಾನವಾಯಿತು. ಹಿಂದಿನ ರಾತ್ರಿ ಮಗಳು ಕೇಳಿದಳು, "ಅಪ್ಪಾ, ಒಂದು ಅಂತ ಯಾವ ಅಂಕ್ಯಾಗ ಬರೀಬೇಕು?" ನಿಯಮ ನೋಡಿ ಹೇಳಿದೆ: ಅಕ್ಷರದಲ್ಲಿ ಬರೆಯಬಾರದು, ಅಂಕಿಯಲ್ಲೇ ಬರೆಯಬೇಕು, ಇಂಗ್ಲಿಷಿನವರು ಬರೆಯುವಂತೆ ಬರೆಯಬಹುದು, ರೋಮನ್ ಅಂಕಿ ನಡೆಯುತ್ತದೆ, ಭಾರತದ ಭಾಷೆಗಳ ಅಂಕಿಯೂ ನಡೆಯುತ್ತದೆ. ಅವರು ಕೊಟ್ಟ ಪೆನ್ನಿನಿಂದಲೇ ಬರೆಯಬೇಕು. "ಹಂಗಾದ್ರ ಗುಜರಾತಿನೂ ನಡೀತದ?" ಎಂದಳು. ನಡೆಯುತ್ತದೆ ಎಂದೆ.

ಮರುದಿನ ಯಾರ ಹೆಸರಿನ ಮುಂದೆ ಬರೆದೆ ಎಂದು ನಾನು ಕೇಳಲಿಲ್ಲ, ಕೇಳಬಾರದು. ಯಾವ ಅಂಕಿ ಎಂದು ಮಾತ್ರ ಕೇಳಿದೆ. ನಮ್ಮ ಸಂಘದ ರವಿವಾರದ ಕನ್ನಡ ತರಗತಿಯಲ್ಲಿ ಕಲಿತಿದ್ದ "೧" ಬರೆದಿದ್ದಳಂತೆ. ಎರಡನೆಯ ಹೆಸರಿನ ಮುಂದೆಯೂ ಬರೆದೆಯಾ ಎಂದರೆ, ಕೈ ತಪ್ಪಿ ಗುಜರಾತಿ ಎರಡು ಬಂದೀತು ಎಂದು ಹೆದರಿ ಬಿಟ್ಟುಬಿಟ್ಟೆ ಎಂದಳು.